ಕರಿದ ಪಿಕಲ್ ಮತ್ತು ಮಾವನವರ ಬಿ.ಪಿ.

ಮಾವನವರ ರಕ್ತದೊತ್ತಡವನ್ನು ವಾರದಲ್ಲಿ ಒಂದೇ ಒಂದು ದಿನ, ಅದೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ, ಏರದಂತೆ ನೋಡಿಕೊಳ್ಳುವುದು ಏನು ಮಹಾ ಕೆಲಸ! ನನಗಂತೂ ಹಾಗೇ ಅನ್ನಿಸಿತ್ತು. ಆಗ ನಾವು ಅಮೆರಿಕದ ನ್ಯೂ ಜೆರ್ಸಿಯ ಎಡಿಸನ್ನಿನಲ್ಲಿದ್ದೆವು. ಎರಡು ಸಾವಿರದ ಇಸವಿ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಬುದ್ಧಿ ಕೆಟ್ಟು ಸಾವಿರದ ಒಂಬೈನೂರಕ್ಕೆ ಓಡಿಹೋಗುತ್ತವೆ ಎಂದು ಎಲ್ಲರೂ ನಡುಗುತ್ತಿದ್ದ ಕಾಲ. ಹಾಗಾಗದಂತೆ ತಡೆಯಲು ಸಾಗರ ದಾಟಿ ಬಂದ ಸಾವಿರಾರು ವೀರರಲ್ಲಿ ನಾನೂ ಒಬ್ಬ. ಹಳೆಯ ಪ್ರೋಗ್ರಾಮುಗಳಲ್ಲಿ ತಾರೀಖು ಎಲ್ಲಿ ಅವಿತಿದೆ ಎಂದು ಹುಡುಕುವುದು, ಎರಡಂಕಿ ಇದ್ದಲ್ಲಿ ನಾಲ್ಕಂಕಿ ಮಾಡುವುದು. ಇಡೀ ಶತಮಾನವನ್ನು ಕಾಯುವವನಿಗೆ ಒಬ್ಬ ಮಾವ ಭಾರವೇ?

ಮಾವನವರು ಧಾರವಾಡದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ದೇಸಾಯಿ ಮಾಸ್ತರರು. ಅತ್ತೆಯವರು ಹಿರಿಮಗಳ ಬಾಣಂತನಕ್ಕೆಂದು ಪುಣೆಯಲ್ಲಿ ಉಳಿದಿದ್ದರಿಂದ ಒಬ್ಬರೇ ಆರು ತಿಂಗಳಿಗೆ ನಮ್ಮಲ್ಲಿಗೆ ಬಂದಿದ್ದರು. ಬರುವಾಗ ಶೇಂಗಾ ಹಿಂಡಿ, ಅಗಸಿ ಚಟ್ನಿಪುಡಿ ಮತ್ತು ಬಿ.ಪಿ. ತಂದಿದ್ದರು. ಮೊದಲೆರಡನ್ನು ಕಸ್ಟಮ್ಸಿನವರು ಒಳಗೆ ಬಿಟ್ಟರು. ಮೂರನೆಯದನ್ನು ಇನ್ಶೂರೆನ್ಸಿನವರು ಬಿಡಲಿಲ್ಲ! ಊರಿನಿಂದ ತಂದ ಕಾಯಿಲೆಗೆ ತಾವು ಹೊಣೆಯಲ್ಲ ಎಂದು ಮಾವನವರ ಪಾಲಿಸಿ ಕಾಗದದ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿತ್ತು. ನನ್ನ ಹೆಂಡತಿ ವಸುಧಾ ಆ ಇರುವೆಗಳನ್ನು ಓದಿದ ದಿನದಿಂದ ಮನೆಯಲ್ಲಿ ಉಪ್ಪಿನ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ಫ್ರಿಜ್ಜಿನ ಬಾಗಿಲಿಗೆ ಒಂದು ಆದೇಶ ಅಂಟಿಕೊಂಡಿತು. ಹಪ್ಪಳ ಇಲ್ಲ, ಉಪ್ಪಿನಕಾಯಿ ಇಲ್ಲ, ಚಿಪ್ಸ್ ಇಲ್ಲ, ಡಬ್ಬಿಯ ಸೂಪ್ ಇಲ್ಲ. ತಂದ ಹಿಂಡಿಯೂ ಇಲ್ಲ.

ಶನಿವಾರಗಳಂದು ಅವಳಿಗೆ ಕಂಪ್ಯೂಟರ್ ಕ್ಲಾಸು. ಆಗ ನ್ಯೂ ಜೆರ್ಸಿಯಲ್ಲಿ ಯಾವ ಕಟ್ಟಡದ ನೆಲಮಾಳಿಗೆಗೆ ಇಳಿದರೂ ಯಾರಾದರೂ ಯಾರಿಗಾದರೂ ಡೇಟಾಬೇಸ್ ಹೇಳಿಕೊಡುತ್ತಿದ್ದರು. ಹೊರಡುವಾಗ ಅವಳು ನನಗೆ ಹೇಳಿದ್ದು ಇಷ್ಟೇ: "ರೀ, ಅಪ್ಪಗ ಏನರೆ ಆತು ಅಂದ್ರ ಆಸ್ಪತ್ರಿಗೆ ಕರಕೊಂಡು ಹೋಗೋ ಪರಿಸ್ಥಿತಿ ನಮ್ಮದಲ್ಲ. ನಿಮ್ಮನ್ನ ನಂಬಿ ಹೊಂಟೇನಿ."

"ನೀನು ನಿಶ್ಚಿಂತೆಯಾಗಿ ಹೋಗು ವಸು. ನಾನಿಲ್ವಾ?"

ಇದ್ದೆ. ಅದೇ ತೊಂದರೆಯಾಯಿತು.

ಮೊದಲ ಶನಿವಾರ ಹಿಮ ಬೀಳುತ್ತಿತ್ತು ಎಂದು ಬರೆದೆ. ಈಗ ಹೊಡೆದು ಹಾಕಿದೆ. ಆ ವರ್ಷ ಅಷ್ಟು ಬೇಗ ಹಿಮ ಬಿದ್ದಿರಲಿಲ್ಲ. ಆದರೆ ಅಮೆರಿಕದ ಯಾವ ನೆನಪನ್ನು ಎಳೆದರೂ ಜೊತೆಗೆ ಒಂದಿಷ್ಟು ಹಿಮ ಉದುರುತ್ತದೆ, ಏನು ಮಾಡಲಿ. ಬರೀ ಚಳಿ ಇತ್ತು. ಮಾಲ್‌ನಲ್ಲಿ ಎರಡು ಸುತ್ತು ವಾಕಿಂಗ್ ಮುಗಿಸಿ ಹೈವೇ ಪಕ್ಕದ ಒಂದು ಡೈನರಿಗೆ ಹೋದೆವು. ಮಾವನವರಿಗೆ ಕಾಫಿ ಬೇಕಿತ್ತು. ಕಾಫಿಯಲ್ಲಿ ಉಪ್ಪಿಲ್ಲ. ನಾನು ಯೋಚನೆ ಮಾಡಿಯೇ ಒಳಗೆ ಹೋದದ್ದು!

ಕಾಫಿಯ ಜೊತೆ ಏನಾದರೂ ಬೇಡವೇ? ಬರೀ ಕಾಫಿ ಕುಡಿಸಿ ಮಾವನವರನ್ನು ಎಬ್ಬಿಸಿಕೊಂಡು ಬರುವ ಅಳಿಯನನ್ನು ಏನೆಂದು ಕರೆಯುತ್ತಾರೆ? ಮೆನು ತೆಗೆದೆ. ಆರಂಭಿಕ ತಿಂಡಿಗಳ ಪಟ್ಟಿಯಲ್ಲಿ ಕೋಳಿಯ ರೆಕ್ಕೆ, ಸೀಗಡಿ, ಬೇಕನ್ ಹಾಕಿದ ಆಲೂಗೆಡ್ಡೆಗಳ ನಡುವೆ ಒಂದೇ ಒಂದು ಸಸ್ಯಾಹಾರಿ ಜೀವ ಮುದುಡಿ ಕುಳಿತಿತ್ತು. ಫ್ರೈಡ್ ಪಿಕಲ್ಸ್. ನನಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆದ ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಗೊತ್ತಿದ್ದೂ ನನ್ನ ತಲೆ ಕಂಡದ್ದು ಬಜ್ಜಿಯನ್ನು! ಸೌತೆಕಾಯಿ ತಂಪು, ತರಕಾರಿ, ದೇಹಕ್ಕೆ ಹಿತ. ಅದಕ್ಕೆ ಉಪ್ಪಿನ ಡಬ್ಬಿಯೊಂದಿಗೆ ಇದ್ದ ರಕ್ತಸಂಬಂಧ ಆ ಕ್ಷಣಕ್ಕೆ ಹೊಳೆಯಲಿಲ್ಲ.

ತಟ್ಟೆ ಬಂತು. ಹದಿನಾಲ್ಕೋ ಹದಿನೈದೋ ಹೊಂಬಣ್ಣದ ಬಿಲ್ಲೆಗಳು, ಮಧ್ಯದಲ್ಲಿ ಬಿಳಿಯ ಸಾಸು. ಒಂದನ್ನು ಬಾಯಿಗಿಟ್ಟೆ. ಅಯ್ಯಪ್ಪ! ಅಟ್ಲಾಂಟಿಕ್ ಸಾಗರಕ್ಕೆ ಹಿಟ್ಟಿನ ಕೋಟು ತೊಡಿಸಿದಂತಿತ್ತು. ಹಲ್ಲು ಜುಮ್ಮೆಂದಿತು, ಕಿವಿಯ ಹಿಂದೆ ಬೆವರಿತು.

ಮಾವನವರು ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರದ್ದೊಂದು ನಿಯಮ. ಒಳಗೇನಿದೆ, ಎಲ್ಲಿಂದ ಬಂತು ಎಂದು ತಿಳಿಯದೆ ಯಾವುದನ್ನೂ ತಿನ್ನುವವರಲ್ಲ. ನಮ್ಮ ಮನೆಯಲ್ಲಿ ಹಾಲಿನ ಡಬ್ಬಿಯ ಮೇಲಿನ ಪೌಷ್ಟಿಕಾಂಶದ ಪಟ್ಟಿಯನ್ನು ಅವರು ಪಂಚಾಂಗ ಓದುವಂತೆ ಓದುತ್ತಿದ್ದರು.

"ಇದರ ಹಿನ್ನೆಲಿ ಏನ್ರಿ ಅಳಿಯಂದ್ರ?"

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಕಂಪ್ಯೂಟರ್ ಕನ್ಸಲ್ಟೆಂಟ್ ಆದವನು ಗೊತ್ತಿಲ್ಲ ಎನ್ನುವುದಿಲ್ಲ, ಅದು ವೃತ್ತಿಧರ್ಮ. "ಇದು ಇಲ್ಲಿನ ಅಂತರ್ಯುದ್ಧದ ಕಾಲದ್ದು ಮಾವ. ಸೈನಿಕರಿಗೆ ತರಕಾರಿ ಸಿಗ್ತಿರ್ಲಿಲ್ಲ. ಪೀಪಾಯಿಯಲ್ಲಿ ಸೌತೆಕಾಯಿ, ಚೀಲದಲ್ಲಿ ಹಿಟ್ಟು. ಒಬ್ಬ ಅಡುಗೆಯವನು ಎರಡನ್ನೂ ಸೇರಿಸಿ ಕರಿದುಬಿಟ್ಟ. ಆ ಪಡೆ ಆ ದಿನ ಗೆದ್ದಿತು."

"ಹೌದ?" ಮಾವನವರ ಕಣ್ಣರಳಿತು. "ಮತ್ತ ಪೌಷ್ಟಿಕಾಂಶ?"

"ಬರೀ ಸೌತೆಕಾಯಿ ಅಲ್ವಾ ಮಾವ. ನೀರು, ನಾರು, ವಿಟಮಿನ್."

ಅವರು ಒಂದು ತಿಂದರು. ಕಣ್ಣು ಮುಚ್ಚಿದರು. ತೆರೆದರು. "ಛಲೋ ಅದ" ಎಂದರು.

"ಇನ್ನೊಂದು ತಗೊಳ್ಳಿ ಮಾವ."

"ಸಾಕ್ರಿ."

ನಮ್ಮಲ್ಲಿ ಹಿರಿಯರು ಮೊದಲ ಸಲ ಸಾಕು ಎಂದರೆ ಅದಕ್ಕೆ ಬೆಲೆಯಿಲ್ಲ. ಎರಡನೆಯದು ಮರ್ಯಾದೆಗೆ. ಮೂರನೆಯ ಸಲವೂ ಕೇಳದೆ ಬಿಟ್ಟ ಅಳಿಯನ ಸುದ್ದಿ ಬೀಗರ ಮನೆಗಳಲ್ಲಿ ಹತ್ತು ವರ್ಷ ಓಡಾಡುತ್ತದೆ. ಹಾಗಾಗಿ ನಾನು ಬಿಡಲಿಲ್ಲ. "ನನ್ನಾಣೆ", "ಇದೊಂದೇ", "ನೀವು ತಿನ್ನದಿದ್ರೆ ನಾನೂ ತಿನ್ನಲ್ಲ" ಎಂದೆಲ್ಲ ಶಾಸ್ತ್ರೋಕ್ತವಾಗಿ ಉಪಚಾರ ಮಾಡಿದೆ. ಮಾವನವರು ತಟ್ಟೆಯ ಬಹುಭಾಗವನ್ನು ಮುಗಿಸಿದರು. ಎರಡು ಗ್ಲಾಸ್ ನೀರು ಕುಡಿದರು. ನಾನು ಬೀಗುತ್ತ ಕಾರ್ ಡ್ರೈವ್ ಮಾಡಿಕೊಂಡು ಮನೆಗೆ ಬಂದೆ.

ಭಯ ಹತ್ತಿದ್ದು ಮರುದಿನ, ಸೂಪರ್ ಮಾರ್ಕೆಟ್ಟಿನಲ್ಲಿ. ಹಾಲು ತರಲು ಹೋದವನು ಪಿಕಲ್ ಜಾಡಿಗಳ ಮುಂದೆ ನಿಂತೆ. ಒಂದು ಜಾಡಿ ಎತ್ತಿ ಹಿಂಬದಿಯ ಪಟ್ಟಿ ಓದಿದೆ. ಕೊಬ್ಬು: ಸೊನ್ನೆ. ಸಕ್ಕರೆ: ಸೊನ್ನೆ. ಪ್ರೋಟೀನ್: ಸೊನ್ನೆ. ನಾನು ಹೇಳಿದ್ದ ವಿಟಮಿನ್: ಬಹುಮಟ್ಟಿಗೆ ಸೊನ್ನೆ. ಆ ಬೆರಳಷ್ಟು ಸೌತೆಕಾಯಿಯ ತುಂಡಿನಲ್ಲಿ ಹೇಳಿಕೊಳ್ಳುವಂತೆ ಇದ್ದದ್ದು ಒಂದೇ. ಸೋಡಿಯಂ! ಇನ್ನು ಹೊರಗಿನ ಹಿಟ್ಟಿನ ಉಪ್ಪು ಬೇರೆ, ಸಾಸಿನ ಉಪ್ಪು ಬೇರೆ.

ಮನೆಗೆ ಬಂದು ಸ್ಪ್ರೆಡ್‌ಶೀಟ್ ತೆರೆದೆ. ಬಿಲ್ಲೆಗಳು ಒಂದು ಕಾಲಂ, ಹಿಟ್ಟು ಒಂದು, ಸಾಸು ಒಂದು. ಉತ್ತರ ಬಂತು. ಮಾವನವರು ಒಂದೇ ಮಧ್ಯಾಹ್ನದಲ್ಲಿ ಒಂದೂವರೆ ಕಿಲೋ ಉಪ್ಪು ತಿಂದಿದ್ದರು. ಪಕ್ಕದ ಕೋಣೆಗೆ ಹೋಗಿ ಇಣುಕಿದೆ. ಪದಬಂಧ ಬಿಡಿಸುತ್ತಿದ್ದರು. ಬದುಕಿದ್ದರು! ಮತ್ತೆ ಬಂದು ನೋಡಿದಾಗ ತಿಳಿಯಿತು, ಪ್ರತಿ ಬಿಲ್ಲೆಗೂ ಒಂದೊಂದು ಇಡೀ ಜಾಡಿಯ ಲೆಕ್ಕ ಹಿಡಿದಿದ್ದೆ. ಶತಮಾನದ ತಾರೀಖುಗಳು ಯಾರ ಕೈಯಲ್ಲಿದ್ದವು ಎಂಬುದನ್ನು ನೆನೆದರೆ ಇಂದಿಗೂ ನಡುಕ ಬರುತ್ತದೆ. ಸರಿಪಡಿಸಿದ ಮೇಲೂ ಉತ್ತರ ವಸುಧಾ ದಿನವಿಡೀ ಅಳೆದು ಹಾಕುತ್ತಿದ್ದ ಉಪ್ಪಿಗಿಂತ ಹೆಚ್ಚೇ ಇತ್ತು.

ಡೈನರಿಗೆ ಫೋನ್ ಮಾಡಿದೆ. ಅಲ್ಲಿ ನಮಗೆ ಬಡಿಸಿದ್ದ ಬ್ರೆಂಡಾ ಎಂಬ ಹಿರಿಯ ಹೆಂಗಸೇ ಎತ್ತಿದಳು.

"ನಿಮ್ಮ ಫ್ರೈಡ್ ಪಿಕಲ್ಸ್‌ನ ನ್ಯೂಟ್ರಿಷನ್ ಮಾಹಿತಿ ಸಿಗುತ್ತದೆಯೇ?" ಎಂದು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಕೇಳಿದೆ.

"ಹನಿ, ಇಟ್ಸ್ ಎ ಪಿಕಲ್. ಅಂಡ್ ದೆನ್ ವಿ ಫ್ರೈ ಇಟ್."

"ಅದರ ಹಿನ್ನೆಲೆ? ಎಲ್ಲಿಂದ ಬಂದದ್ದು?"

"ಫ್ರಮ್ ದ ಕಿಚನ್, ಹನಿ."

ಅದೇ ಭಾನುವಾರ ಸಂಜೆ ವಸುಧಾ ಎಂದಿನಂತೆ ಅಪ್ಪನ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಕಟ್ಟಿ ರಬ್ಬರ್ ಬುಗ್ಗೆ ಒತ್ತಿದಳು. ಮುಳ್ಳು ಮೇಲೇರಿತು. ನಾನು ಸೋಫಾದ ಹಿಂದೆ ನಿಂತು ಕತ್ತು ಚಾಚಿದೆ. ಮುಳ್ಳು ಇಳಿಯುತ್ತ ಇಳಿಯುತ್ತ ತಡೆಯಿತು.

"ಹೋದ ವಾರಕ್ಕಿಂತ ಒಂಚೂರು ಕಡಿಮಿನ ಅದ ಅಪ್ಪಾ!" ಎಂದಳು ವಸುಧಾ. ನನ್ನ ಕಡೆ ತಿರುಗಿ, "ನೋಡ್ರಿ, ಸಪ್ಪನ ಊಟದ ಗುಣ" ಎಂದಳು.

ಇನ್ನು ಆ ಡೈನರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆ. ಮುಂದಿನ ಶನಿವಾರ ವಸುಧಾಳ ಕಾರು ತಿರುವು ದಾಟುವ ಮೊದಲೇ ಮಾವನವರು ಮಂಗನ ಟೋಪಿ ಹಾಕಿ, ಬೂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಹೋಗೂಣೇನ್ರಿ? ನಿಮ್ಮ ಆ ಪಿಕಲ್ಲಿಗೆ?"

ಏನು ಹೇಳಲಿ? ಏಳು ಸಾಗರ ದಾಟಿ ಬಂದ ಹಿರಿಯರು, ಸಪ್ಪೆ ಸಾರು ಉಂಡು ಉಂಡು ನಾಲಿಗೆ ಸತ್ತವರು, ಬಾಯಿಬಿಟ್ಟು ಒಂದು ತಿಂಡಿ ಕೇಳಿದ್ದಾರೆ. ಇಲ್ಲ ಎನ್ನುವ ಎದೆ ನನಗಿರಲಿಲ್ಲ. ಹೌದು ಎನ್ನುವ ಎದೆಯೂ ಇರಲಿಲ್ಲ. ಕಾರಿನ ಕೀಲಿ ತೆಗೆದುಕೊಂಡೆ.

ದಾರಿಯುದ್ದಕ್ಕೂ ಒಂದು ಉಪಾಯ ಹೆಣೆದೆ. ತಟ್ಟೆಯನ್ನು ತಡೆಯಲಾಗದಿದ್ದರೆ ತಟ್ಟೆಯಲ್ಲಿರುವುದನ್ನು ನಾನೇ ತಿಂದುಬಿಡುವುದು! ಮಾವನವರು ಒಂದು ತಿನ್ನುವಷ್ಟರಲ್ಲಿ ನಾನು ನಾಲ್ಕು. ಅವರ ಪಾಲಿನ ಉಪ್ಪು ನನ್ನ ಹೊಟ್ಟೆಗೆ. ಮೊದಮೊದಲು ಬಿಲ್ಲೆಗಳನ್ನು ನೀರಿನ ಗ್ಲಾಸಿನಲ್ಲಿ ಅದ್ದಿ ಉಪ್ಪು ತೊಳೆಯಲು ನೋಡಿದೆ. ಹಿಟ್ಟು ಬಿಟ್ಟುಕೊಂಡು ನೀರು ಗಂಜಿಯಾಯಿತು. ಬ್ರೆಂಡಾ ಬಂದು ಆ ಗ್ಲಾಸನ್ನು ನೋಡಿದಳು, ನನ್ನನ್ನು ನೋಡಿದಳು, ಬೇರೆ ಗ್ಲಾಸ್ ತಂದಿಟ್ಟಳು. ಆಮೇಲೆ ಬಾಯಿಯೇ ಗತಿ. ಕಣ್ಣಲ್ಲಿ ನೀರು ಬರುತ್ತಿದ್ದರೂ ಅಗಿದೆ, ನುಂಗಿದೆ. "ಆಹಾ, ಏನು ರುಚಿ!" ಎಂದು ನಡುನಡುವೆ ಹೇಳಿದೆ, ಅವರಿಗೆ ಅನುಮಾನ ಬರದಿರಲೆಂದು.

ತಟ್ಟೆ ಖಾಲಿಯಾಯಿತು. ಮಾವನವರ ಹೊಟ್ಟೆಗೆ ಹೋದದ್ದು ಎರಡೋ ಮೂರೋ. ಗೆದ್ದೆ!

ಮಾವನವರು ನನ್ನನ್ನೇ ಮಮತೆಯಿಂದ ನೋಡುತ್ತಿದ್ದರು. ಕೈ ಎತ್ತಿ ಬ್ರೆಂಡಾಳನ್ನು ಕರೆದರು. ಧಾರವಾಡದ ಶಾಲೆಯ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, "ಮೇಡಮ್, ಒನ್ ಮೋರ್ ಪ್ಲೇಟ್" ಎಂದರು.

ಹೀಗೆ ಶನಿವಾರಗಳು ಕಳೆದವು. ಎಷ್ಟು ಶನಿವಾರ? ನನ್ನ ನೆನಪಿನಲ್ಲಿ ಅವೆಲ್ಲ ಸೇರಿ ಒಂದೇ ಉದ್ದನೆಯ, ಬಾಯಾರಿದ ಮಧ್ಯಾಹ್ನವಾಗಿದೆ. ನಾಲ್ಕೈದು ಇರಬಹುದು. ಭಾನುವಾರ ಮುಳ್ಳಿನ ಮುಂದೆ ನಿಲ್ಲುವುದು, ಸೋಮವಾರದಿಂದ ಶುಕ್ರವಾರದವರೆಗೆ ಮನೆಗೆ ದಿನಕ್ಕೆ ಆರು ಸಲ ಫೋನ್ ಮಾಡುವುದು. "ಮಾವ, ತಲೆ ಸುತ್ತುತ್ತಾ? ಎದೆಯಲ್ಲಿ ಏನಾದ್ರೂ?" "ಏನೂ ಇಲ್ರಿ. ನಿಮ್ಮ ದನಿ ಯಾಕ ಹಂಗ ನಡಗಲಿಕ್ಕತ್ತದ?" ಆಫೀಸಿನಲ್ಲಿ ನನ್ನ ತಲೆಯೇ ಸುತ್ತುತ್ತಿತ್ತು. ಕಾಲರ್ ಬಿಗಿಯಾದಂತೆ, ಕಿವಿಯಲ್ಲಿ ಜೀರುಂಡೆ ಕೂಗಿದಂತೆ. ಇದು ಚಿಂತೆ ಎಂದುಕೊಂಡೆ. ಮಾವನವರ ಮುಳ್ಳು ಮಾತ್ರ ವಾರವಾರಕ್ಕೂ ಶಿಸ್ತಾಗಿ ಕೆಳಗಿಳಿಯುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ನನ್ನ ದೃಢ ನಂಬಿಕೆ. ನಿಜವಾದ ಅಂಕಿ ಒಳಗೆಲ್ಲೋ ಏರುತ್ತಿದೆ, ಒಂದು ದಿನ ಒಟ್ಟಿಗೇ ಹೊರಬರುತ್ತದೆ, ಆಗ ಯಾವ ಇನ್ಶೂರೆನ್ಸೂ ಇಲ್ಲ. ವಸುಧಾಳಿಗೆ ಎಲ್ಲ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ "ಕಾಫಿ ಇದೆಯಾ?" ಎಂದು ಕೇಳಿ ಮುಚ್ಚಿದೆ.

ಗುಟ್ಟು ಒಡೆದದ್ದು ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ. ದರ್ಶನ ಮುಗಿಸಿ ಕೆಳಗಿನ ಊಟದ ಹಾಲ್‌ನಲ್ಲಿ ಕೂತಿದ್ದೆವು. ನಮ್ಮ ಪರಿಚಯದ, ಬೆಂಗಳೂರಿನ ಪ್ರಮೀಳಾ ಆಂಟಿ ಮೊಮ್ಮಗಳೊಂದಿಗೆ ಅದೇ ಮೇಜಿಗೆ ಬಂದರು. "ಅಮೆರಿಕದ ತಿಂಡಿ ಏನಾದ್ರೂ ಸೇರಿತಾ ನಿಮಗೆ?" ಎಂದು ಉಪಚಾರಕ್ಕೆ ಕೇಳಿದರು. ಕೇಳಬಾರದಿತ್ತು. ಮೂವತ್ತು ವರ್ಷ ಪಾಠ ಹೇಳಿದವರು ಮಾವನವರು! ಪುಳಿಯೋಗರೆಯ ತಟ್ಟೆ ಪಕ್ಕಕ್ಕೆ ಸರಿಸಿದರು.

"ನೋಡ್ರಿ, ಇಲ್ಲೆ ಫ್ರೈಡ್ ಪಿಕಲ್ ಅಂತ ಒಂದು ಪದಾರ್ಥ ಅದ. ಅದಕ್ಕ ದೊಡ್ಡ ಹಿನ್ನೆಲಿ ಅದ. ಅಂತರ್ಯುದ್ಧದ ಕಾಲಕ್ಕ..." ಪೀಪಾಯಿ, ಹಿಟ್ಟಿನ ಚೀಲ, ಅಡುಗೆಯವನು, ಎಲ್ಲ ಬಂತು. ನಾನು ಹೇಳದಿದ್ದ ಒಬ್ಬ ಸೇನಾಪತಿಯೂ ಬಂದ. ನಾನು ಮೇಜಿನ ಕೆಳಗೆ ಅವರ ಕಾಲು ಮುಟ್ಟಿದೆ. ನಮಸ್ಕಾರವೆಂದು ತಿಳಿದು ತಲೆ ಸವರಿದರು.

"ಅಯ್ಯೋ, ಅದು ಬಾರ್‌ಗಳಲ್ಲಿ ಬಿಯರ್ ಜೊತೆ ಕೊಡ್ತಾರಲ್ವಾ?" ಎಂದರು ಪ್ರಮೀಳಾ ಆಂಟಿ.

ಹತ್ತು ವರ್ಷದ ಮೊಮ್ಮಗಳು ತಲೆಯೆತ್ತಿ ಹೇಳಿದಳು: "ಈಯೂ! ಇಟ್ಸ್ ಲೈಕ್, ಆಲ್ ಸಾಲ್ಟ್."

ವಸುಧಾಳ ಚಮಚ ತಟ್ಟೆಯ ಮೇಲೆ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಮೊಸರನ್ನದ ಕಡೆ ನೋಡುತ್ತ ಮೆಲ್ಲಗೆ ಕೇಳಿದಳು. "ಯಾವ ಪಿಕಲ್?"

ಕಾರು ಹೈವೇ ಹತ್ತಿದ ಮೇಲೆ ವಸುಧಾ ಬಾಯಿಬಿಟ್ಟಳು.

"ನಂಬಿ ಬಿಟ್ಟು ಹೋಗಿದ್ದೆ ನಿಮ್ಮನ್ನ. ಅಪ್ಪಗ ಇಲ್ಲೆ ಏನರೆ ಆಗಿದ್ರ ಅವ್ವಗ ಏನಂತ ಫೋನ್ ಮಾಡತಿದ್ದೆ ನಾನು?" ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಮಾವನಿಗೆ ಅಷ್ಟೊಂದು ಇಷ್ಟ ಆಯ್ತು ವಸು, ಬೇಡ ಅನ್ನೋಕೆ ಆಗ್ಲಿಲ್ಲ..."

ಹಿಂದಿನ ಸೀಟಿನಿಂದ ಮಾವನವರು ಮುಂದೆ ಬಾಗಿದರು. "ಯಾರಿಗೆ? ನನಗ? ಏ ಇಲ್ರಿ! ಆ ಮದಲನೇ ದಿವಸನ ನನ್ನ ಬಾಯಿ ಸುಣ್ಣಾ ಆಗಿತ್ತು. ಎರಡು ದಿವಸ ಬರೇ ನೀರು ಕುಡದೆ. ನೀವು ಆಣಿ ಇಟ್ಟು ಹಾಕಲಿಕ್ಕತ್ತಿದ್ರಿ, ಒಲ್ಲೆ ಅಂದ್ರ ಅಳಿಯಂದ್ರಿಗೆ ಬ್ಯಾಸರ ಆದೀತು ಅಂತ ನುಂಗಿದೆ."

"ಹಾಗಾದ್ರೆ ಆಮೇಲೆ ಪ್ರತಿ ವಾರ ನೀವೇ ಟೋಪಿ ಹಾಕ್ಕೊಂಡು ನಿಂತಿರ್ತಿದ್ರಲ್ಲಾ?"

"ಮತ್ತ? ನಿಮಗ ಜೀವಾ ಅದ ಅದರ ಮ್ಯಾಲೆ! ಕಣ್ಣಾಗ ನೀರು ಹಾಕಿ ತಿಂತಿದ್ರಿ. ನಮ್ಮ ಹುಡುಗಿ ನನ್ನ ಸಲುವಾಗಿ ಮನ್ಯಾಗೆಲ್ಲಾ ಸಪ್ಪನ ಅಡಗಿ ಮಾಡಿ ನಿಮ್ಮ ಬಾಯಿ ಕಟ್ಟ್ಯಾಳ. ವಾರದಾಗ ಒಂದು ದಿವಸರೆ ಪಾಪ ಬಾಯಿಗೆ ಉಪ್ಪು ಹತ್ತಲಿ ಅಂತ ನಾ ಸುಮ್ಮನ ಜೋಡಿ ಬರತಿದ್ದೆ. ನಾ ಒಂದೋ ಎರಡೋ, ಅಷ್ಟ."

ಇಬ್ಬರು ಸಭ್ಯ ಗಂಡಸರು ಪರಸ್ಪರರ ಸಂತೋಷಕ್ಕಾಗಿ ವಾರವಾರವೂ ಉಪ್ಪಿನ ಹರಕೆ ತೀರಿಸಿದ್ದರು. ಇಬ್ಬರಿಗೂ ಅದನ್ನು ಕಂಡರಾಗುತ್ತಿರಲಿಲ್ಲ!

"ಹಂಗಾರ ಎಲ್ಲಾ ತಿಂದವರು ಯಾರು?" ಎಂದಳು ವಸುಧಾ. ಆಗ ಅವಳು ಮೊದಲ ಬಾರಿ ನನ್ನ ಮುಖ ನೋಡಿದಳು. "ರೀ, ನಿಮ್ಮ ಮುಖ ಯಾಕ ಹಿಂಗ ಕೆಂಪಾಗೇದ?"

ಮನೆಗೆ ಬಂದವಳೇ ಪಟ್ಟಿಯನ್ನು ನನ್ನ ತೋಳಿಗೆ ಕಟ್ಟಿದಳು. ಬುಗ್ಗೆ ಒತ್ತಿದಳು. ಮುಳ್ಳು ಏರಿತು. ಇಳಿಯಲು ಅದಕ್ಕೆ ಮನಸ್ಸಿರಲಿಲ್ಲ. ಅವಳು ಇನ್ನೊಮ್ಮೆ ನೋಡಿದಳು. ಅಪ್ಪನನ್ನು ಕರೆದಳು. ಅವರೂ ಕನ್ನಡಕ ಏರಿಸಿ ನೋಡಿದರು. "ಯಂತ್ರ ಕೆಟ್ಟಿದೆ" ಎಂದೆ ನಾನು. ಮಾವನವರು ತಮ್ಮ ತೋಳಿಗೆ ಕಟ್ಟಿಸಿಕೊಂಡು ತೋರಿಸಿದರು. ಯಂತ್ರ ಕೆಟ್ಟಿರಲಿಲ್ಲ.

ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಾಯಿಯೂ ಇದನ್ನು ಓದುತ್ತಾರೆ.

ಸೋಮವಾರ ಮೂವರೂ ಡಾಕ್ಟರ ಬಳಿಗೆ ಹೋದೆವು. ಬಾಗಲಕೋಟೆಯ ಕಡೆಯವರು, ಎಡಿಸನ್ನಿನಲ್ಲೇ ಕ್ಲಿನಿಕ್. ನನ್ನ ಇನ್ಶೂರೆನ್ಸಿನಲ್ಲಿ ಎಲ್ಲ ಕಾಯಿಲೆಗೂ ಜಾಗವಿತ್ತು. ಅದೊಂದೇ ಸಮಾಧಾನ. ಕಾಯುವ ಕೋಣೆಯಲ್ಲಿ ಇನ್ನೊಂದು ಪಾಪವನ್ನೂ ಒಪ್ಪಿಕೊಂಡುಬಿಟ್ಟೆ. ಅಂತರ್ಯುದ್ಧ, ಅಡುಗೆಯವನು, ಎಲ್ಲ ನಾನೇ ಹುಟ್ಟಿಸಿದ್ದು. ನಿಜವಾಗಿ ಅದನ್ನು ಅರವತ್ತರ ದಶಕದಲ್ಲಿ, ದಕ್ಷಿಣದ ಒಂದು ಸಣ್ಣ ಊರಿನಲ್ಲಿ, ಪಿಕಲ್ ಕಾರ್ಖಾನೆಯ ಹತ್ತಿರ ತಿಂಡಿ ಅಂಗಡಿ ಇಟ್ಟವನೊಬ್ಬ ಮಾರಲು ಶುರುಮಾಡಿದನಂತೆ. ಲೈಬ್ರರಿಯಲ್ಲಿ ತಡವಾಗಿ ಓದಿದ್ದೆ. ಮಾವನವರಿಗೆ ಉಪ್ಪಿಗಿಂತ ಇದು ಹೆಚ್ಚು ನೋವು ಕೊಟ್ಟಿತು. "ಸುಳ್ಳು ಪಾಠ ಹೇಳಿದ್ರೇನ್ರಿ ನನಗ? ನಾ ಧಾರವಾಡಕ್ಕ ನಾಕು ಮಂದಿಗೆ ಕಾಗದಾ ಬರದೇನಿ" ಎಂದು ಗೋಡೆಯ ಕಡೆ ತಿರುಗಿ ಕುಳಿತರು.

ಒಳಗೆ ಹೋದ ಮೇಲೂ ಗೋಡೆಯ ಕಡೆಗೇ ಮುಖ ಮಾಡಿ ಕುಳಿತರು. ಡಾಕ್ಟರು ನನ್ನನ್ನು ನೋಡಿದರು, ಒತ್ತಿದರು, ಕೇಳಿದರು. "ಸಣ್ಣ ವಯಸ್ಸಿಗೆ ಇಷ್ಟು ಏರೂದಂದ್ರ... ಏನರೆ ಟೆನ್ಶನ್ ಅದ ಏನು?"

"ಇದೆ ಡಾಕ್ಟರೇ. ಮಾವನವರ ಬಿ.ಪಿ."

ಡಾಕ್ಟರು ಮಾವನವರ ನಾಡಿ ಹಿಡಿದು ನೋಡಿದರು. "ಇವರು ಕಲ್ಲಿನಂಗ ಅದಾರಲ್ಲ!" ಆಮೇಲೆ ಪೆನ್ನು ತೆಗೆದು ನನ್ನ ಕಡೆ ತಿರುಗಿದರು. "ಇರಲಿ. ಒಟ್ಟು ಎಷ್ಟು ಪ್ಲೇಟ್ ತಿಂದಿರಿ? ಖರೇ ಹೇಳ್ರಿ."

ನಾನು ನೆನಪಿಸಿಕೊಂಡೆ. ಪ್ರಾಮಾಣಿಕವಾಗಿಯೇ ನೆನಪಿಸಿಕೊಂಡೆ. "ನಾಲ್ಕು. ಹೆಚ್ಚೆಂದರೆ ಐದು."

"ಹನ್ನೊಂದು" ಎಂದರು ಮಾವನವರು, ಗೋಡೆಯ ಕಡೆಯಿಂದ ತಿರುಗದೆಯೇ.

ಡಾಕ್ಟರು ಬರೆದುಕೊಂಡದ್ದು ಹನ್ನೊಂದನ್ನು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆದುಕೊಳ್ಳುತ್ತಿದ್ದೆ.